ಮೊದಲ ಸಾಲಿನ ಎಕೋ

ನನ್ನ ಗಂಡನಿಗೆ ಇಷ್ಟು ವರ್ಷಗಳಲ್ಲಿ ಬಿದ್ದ ಹೆಸರುಗಳನ್ನೆಲ್ಲ ಒಂದೆಡೆ ಬರೆದಿಟ್ಟರೆ ಒಂದು ಸಣ್ಣ ನಿಘಂಟೇ ಆಗುತ್ತದೆ. ಅತ್ತೆ ಇದ್ದಾಗ ತುಳುವಿನಲ್ಲಿ ‘ಮರ್ಲೆ’ ಎನ್ನುತ್ತಿದ್ದರು, ಎಂದರೆ ಹುಚ್ಚ. ಹೆತ್ತವರೇ ಹಾಗೆಂದ ಮೇಲೆ ಉಳಿದವರಿಗೆ ಯಾವ ಸಂಕೋಚ? ಮುಂಬಯಿಯಲ್ಲಿ, ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯ ಮರಾಠಿ ವಹಿನಿ ‘ನಾಟಕವೇಡಾ’, ನಾಟಕದ ಹುಚ್ಚ, ಎಂದು ನಗುತ್ತಾರೆ. ಇವರ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು ‘ಕೀಡಾ’ ಎಂದು ಕರೆಯುತ್ತಿದ್ದರು, ತಲೆಯೊಳಗೆ ಹುಳ ಹೊಕ್ಕವನು ಎಂಬ ಅರ್ಥದಲ್ಲಿ. ಮಗಳ ಬಾಯಲ್ಲಿ ಈಗ ‘ಸ್ಟ್ಯಾನ್’ ಎಂಬ ಹೊಸ ಶಬ್ದ. ಹಾಗೆಂದರೇನೆಂದು ಕೇಳಿದೆ.

“ಫ್ಯಾನ್‌ಗಿಂತ ಮೇಲಿನದು ಅಮ್ಮಾ. ಫ್ಯಾನ್ ನಾರ್ಮಲ್ ಇರ್ತಾನೆ. ಸ್ಟ್ಯಾನ್ ಥೋಡಾ ಹಿಲಾ ಹುವಾ,” ಎಂದಳು. ಸ್ವಲ್ಪ ಅಲುಗಿದವನು ಎಂದು. ನಾನು ಆಕ್ಷೇಪಿಸಲಿಲ್ಲ.

ಇಲ್ಲಿನ ಕನ್ನಡ ಸಂಘದವರ ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ಮರ್ಯಾದೆಯ ಶಬ್ದಗಳಿರುತ್ತವೆ. ಅಲ್ಲೂ ಒಂದು ಮೇಲುಕೀಳು ಉಂಟು ಎಂಬುದು ನನಗೆ ತಡವಾಗಿ ತಿಳಿಯಿತು. ದೇಣಿಗೆ ಕೊಡುವವರು ಕಲಾಪೋಷಕರು. ಭಾಷಣ ಮಾಡುವವರು ಕಲಾರಸಿಕರು. ಎರಡನ್ನೂ ಮಾಡದೆ, ಎಲ್ಲರಿಗಿಂತ ಮುಂಚೆ ಬಂದು, ಎಲ್ಲರೂ ಹೋದ ಮೇಲೆ ಏಳುವವರು ಕಲಾಭಿಮಾನಿಗಳು. ನನ್ನವರು ಈ ಮೂರನೆಯ ವರ್ಗ.

ಇವರ ಹುಚ್ಚು ತಾಳಮದ್ದಳೆ. ಯಕ್ಷಗಾನವಾದರೆ ವೇಷವಾದರೂ ಇರುತ್ತದೆ, ಕಿರೀಟ ನೋಡಬಹುದು, ಕುಣಿತ ನೋಡಬಹುದು. ತಾಳಮದ್ದಳೆಯಲ್ಲಿ ನೋಡುವುದಕ್ಕೆ ಏನೂ ಇಲ್ಲ. ಭಾಗವತರು ಒಂದು ಪದ ಹಾಡುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರು ಕುಳಿತ ಇಬ್ಬರು ಅರ್ಥಧಾರಿಗಳು ಆ ಪದಕ್ಕೆ ಅರ್ಥ ಹೇಳುತ್ತಾ, ರಾಜನೂ ದೂತನೂ ಆಗಿ ವಾದಕ್ಕಿಳಿಯುತ್ತಾರೆ. ಬರೀ ಮಾತು. ಮೂರು ತಾಸು, ನಾಲ್ಕು ತಾಸು, ಮಾತಿನ ಮೇಲೆ ಮಾತು. ಮನೆಯಲ್ಲಿ ನಾನು ಮೂರು ವಾಕ್ಯ ಆಡಿದರೆ ಎರಡನೆಯದಕ್ಕೇ ಆಕಳಿಸುವ ಮನುಷ್ಯ ಅಲ್ಲಿ ಕಣ್ಣು ಮಿಟುಕಿಸದೆ ಕೂರುತ್ತಾರೆ. ನನಗೆ ಮೈ ಉರಿಯುವುದು ಇದಕ್ಕೇ.

ಅದರಲ್ಲೂ ಇವರಿಗೆ ಒಬ್ಬರೇ ಒಬ್ಬ ಅರ್ಥಧಾರಿ ಆಗಬೇಕು. ಊರಲ್ಲಿ ಶಾಲೆಯ ಮೇಷ್ಟ್ರಾಗಿದ್ದವರು, ಎಲ್ಲರೂ ಅವರನ್ನು ಮಾಸ್ಟ್ರು ಎಂದೇ ಕರೆಯುವುದು. ಮಳೆಗಾಲದಲ್ಲಿ ಊರ ಕಡೆ ಆಟಗಳು ನಿಂತಾಗ ಈ ತಂಡ ಮುಂಬಯಿಗೆ ಬರುತ್ತದೆ. ಮೂರು ಭಾನುವಾರ, ನಡುವೆ ಒಂದೆರಡು ಶನಿವಾರ. ಇಂದು ವಡಾಲ, ನಾಳೆ ಕಾಂದಿವಲಿ ಎಂದು ಊರೂರಿಗೆ ಒಂದೊಂದು ಮಧ್ಯಾಹ್ನ. ಎಲ್ಲಿ ಹೋದರೂ ಜನರಿಗೆ ಅದೇ ಪ್ರಸಂಗ ಬೇಕು, ಮಾಸ್ಟ್ರು ಅದೇ ರಾಜನಾಗಬೇಕು. ನನ್ನವರು ಎಲ್ಲದಕ್ಕೂ ಹೋಗುತ್ತಾರೆ. ನಿನ್ನೆ ಕೇಳಿದ್ದನ್ನೇ ಇಂದು ಕೇಳುವುದು ಯಾಕೆ ಎಂದರೆ, “ನಿನ್ನೆಯ ಅನ್ನ ತಿಂದದ್ದು ಅಂತ ಇವತ್ತು ಊಟ ಬಿಡ್ತಿಯಾ?” ಎನ್ನುತ್ತಾರೆ. ಆ ಅನ್ನ ಮಾಡುವವಳು ನಾನು ಎಂಬುದು ಬೇರೆ ವಿಷಯ.

ಕೇಳಿ ಬಂದರೆ ಮುಗಿಯಿತೇ? ಇಲ್ಲ. ರೆಕಾರ್ಡು. ಮೊದಲು ಕ್ಯಾಸೆಟ್ಟು, ಆಮೇಲೆ ಸೀಡಿ, ಈಗ ಫೋನು. ಬೆಳಿಗ್ಗೆ ನಾನು ಡಬ್ಬಿ ಕಟ್ಟುವ ಹೊತ್ತಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಮಾಸ್ಟ್ರ ಅರ್ಥ ಶುರು. ಮದುವೆಯಾಗಿ ಬಂದಂದಿನಿಂದ ನನ್ನ ತೆಂಗಿನಕಾಯಿ ಅವರ ಮಾತು ಕೇಳುತ್ತಲೇ ತುರಿಯಲ್ಪಟ್ಟಿದೆ. ಅದರಲ್ಲಿ ಒಂದು ವಡಾಲದ ರೆಕಾರ್ಡಿಂಗ್ ಇವರಿಗೆ ಪ್ರಾಣ. ಶರಣಾಗು ಎಂದು ಹೇಳಲು ರಾಜನ ಆಸ್ಥಾನಕ್ಕೆ ಶತ್ರುವಿನ ದೂತ ಬಂದಿದ್ದಾನೆ, ರಾಜ ಇಲ್ಲ ಎಂದಿದ್ದಾನೆ. ಇಡೀ ರಾಜ್ಯದ ಪರವಾಗಿ ಇಲ್ಲ ಎನ್ನಲು ನೀನು ಯಾರು, ಇದು ನಿನ್ನೊಬ್ಬನ ಹಟವಲ್ಲವೇ ಎಂದು ಕೆಣಕುತ್ತಾನೆ. ಅಷ್ಟರಲ್ಲಿ ಸಭೆಯಲ್ಲಿ ಯಾರದೋ ಮಗು ಅಳುತ್ತದೆ. ಮಗು ಸುಮ್ಮನಾಗುವವರೆಗೆ ಮಾಸ್ಟ್ರು ಕಾಯುತ್ತಾರೆ. ಆಮೇಲೆ, “ದೂತನೇ, ನಾಲಗೆ ನನ್ನದು. ಮಾತು ನನ್ನ ಜನರದು,” ಎನ್ನುತ್ತಾರೆ. ಚಪ್ಪಾಳೆ. ಆ ಮಗುವಿಗೆ ಈಗ ಮದುವೆಯಾಗಿರಬೇಕು. ನಮ್ಮ ಅಡುಗೆಮನೆಯಲ್ಲಿ ಅದು ಇನ್ನೂ ಅಳುತ್ತಿದೆ.

ಆ ರೆಕಾರ್ಡಿಂಗಿನಲ್ಲಿ ಇನ್ನೊಂದು ಸ್ವರವೂ ಉಂಟು. ಮಾಸ್ಟ್ರು ಆ ಕೊನೆಯ ಮಾತಿಗೆ ಬಾಯಿ ತೆರೆಯುವ ಒಂದು ಕ್ಷಣ ಮೊದಲು, ಹತ್ತಿರದಿಂದ, ಗುಟ್ಟು ಹೇಳುವ ಹಾಗೆ, “ಮಾತು ನನ್ನ ಜನರದು.” ಅದು ನನ್ನ ಗಂಡನ ಸ್ವರ.

ಇದೇ ಇವರ ರೋಗ. ಮುಂದಿನ ಮಾತು ಗೊತ್ತಿದೆ, ಆದ್ದರಿಂದ ತಡೆಯಲಾಗುವುದಿಲ್ಲ. ಅರ್ಥಧಾರಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಇವರು ಮೊದಲ ಸಾಲಿನಿಂದ ಹೇಳಿ ಮುಗಿಸಿರುತ್ತಾರೆ. ಅಕ್ಕಪಕ್ಕದ ಹತ್ತು ಮಂದಿಗೆ ಮಾಸ್ಟ್ರ ಮಾತು ನನ್ನ ಗಂಡನ ಬಾಯಿಂದಲೇ ಮೊದಲು ತಲುಪುತ್ತದೆ. ನಾನು ತೊಡೆಗೆ ಚಿವುಟಿದ್ದೇನೆ, ಕಾಲು ತುಳಿದಿದ್ದೇನೆ, ಮನೆಗೆ ಬಂದು ರಂಪ ಮಾಡಿದ್ದೇನೆ. “ನಾನೆಲ್ಲಿ ಹೇಳಿದೆ? ಅದು ತನ್ನಷ್ಟಕ್ಕೆ ಬರ್ತದೆ,” ಎನ್ನುತ್ತಾರೆ, ಬಿಕ್ಕಳಿಕೆಯ ಬಗ್ಗೆ ಮಾತಾಡುವವರಂತೆ.

ನಾನು ವಡಾಲದ ಒಂದು ಶಾಲೆಯಲ್ಲಿ ಗಣಿತದ ಟೀಚರಾಗಿದ್ದವಳು. ಒಬ್ಬನನ್ನು ನಿಲ್ಲಿಸಿ ಪ್ರಶ್ನೆ ಕೇಳಿದಾಗ ಪಕ್ಕದಲ್ಲಿ ಕುಳಿತು ಉತ್ತರ ಪಿಸುಗುಟ್ಟುವ ಮಕ್ಕಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅಂಥವರನ್ನೆಲ್ಲ ತರಗತಿಯ ಹೊರಗೆ ನಿಲ್ಲಿಸಿದ್ದೇನೆ. ಸಂಜೆ ಮನೆಗೆ ಬಂದರೆ ಅಂಥವರ ದೊಡ್ಡಣ್ಣನೇ ಸೋಫಾದ ಮೇಲೆ ಕುಳಿತಿರುತ್ತಿದ್ದರು.

ಇವರೊಬ್ಬರೇ ಹೀಗೆ ಎಂದರೆ ಅನ್ಯಾಯವಾದೀತು. ಮೊದಲ ಸಾಲಿನಲ್ಲಿ ಇನ್ನೂ ಇದ್ದಾರೆ. ಒಬ್ಬರು ಕೇಳಿದ್ದನ್ನೆಲ್ಲ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ, ತಲೆ ಎತ್ತಿ ವೇದಿಕೆ ನೋಡಿದ್ದನ್ನು ನಾನು ಕಂಡಿಲ್ಲ. ಇನ್ನೊಬ್ಬರು ಬೇರೆ ಅರ್ಥಧಾರಿಯ ಕಡೆಯವರು, ಮಾಸ್ಟ್ರು ಮಾತಾಡುವಾಗಲೆಲ್ಲ ಎದ್ದು ಚಹಾಕ್ಕೆ ಹೋಗುತ್ತಾರೆ. ವಾಟ್ಸ್ಯಾಪ್ ಗುಂಪಿನಲ್ಲಿ ಇವರೆಲ್ಲ ಜಗಳವಾಡಿ ಹೊರಹೋಗಿ, ಎರಡು ದಿನಕ್ಕೆ ಮತ್ತೆ ಸೇರಿಕೊಳ್ಳುತ್ತಾರೆ. ಆದರೆ ಇವರು ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡುವ ಪುಣ್ಯ ನಮ್ಮ ಮನೆಗೇ ಬಂದಿದೆ.

ನಾನೀಗ ಹೇಳಹೊರಟಿರುವುದು ಕೆಲವು ಮಳೆಗಾಲಗಳ ಹಿಂದಿನ ಮಾತು. ಅಭ್ಯಾಸದಿಂದ ಈಗಲೂ ಬರುತ್ತಾರೆ ಎಂಬಂತೆ ಬರೆದೆ, ಆದರೆ ಮಾಸ್ಟ್ರು ಈಗ ಮುಂಬಯಿಗೆ ಬರುವುದಿಲ್ಲ, ಊರಿನಲ್ಲೂ ವೇದಿಕೆ ಬಿಟ್ಟಿದ್ದಾರೆ. ಹಾಗಾಗಿ ಬರೆದರೆ ತಪ್ಪಿಲ್ಲ ಅಂದುಕೊಂಡಿದ್ದೇನೆ.

ಆ ವರ್ಷದ ಮೊದಲ ಭಾನುವಾರ ವಡಾಲದಲ್ಲಿ. ಕಾರ್ಯಕ್ರಮ ಮುಗಿದ ಮೇಲೆ ಇವರು ವಾಡಿಕೆಯಂತೆ ವೇದಿಕೆಯ ಹಿಂದಿನ ಕೋಣೆಗೆ ಹೋದರು. ಮಾಸ್ಟ್ರ ಗಂಟಲಿಗೆಂದು ಕಲ್ಲುಸಕ್ಕರೆಯ ಪೊಟ್ಟಣ ಒಯ್ಯುವುದು, ಕಾಲು ಮುಟ್ಟಿ ನಮಸ್ಕರಿಸುವುದು, ಅವರು “ಹೇಗಿದ್ದೀರಿ ರಾಯರೇ?” ಎಂದು ಕೇಳಿದರೆ ಅಷ್ಟಕ್ಕೇ ಒಂದು ವಾರ ತೇಲುವುದು. ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಮೈಕಿನವನು ವಯರು ಸುತ್ತುತ್ತ ಹತ್ತಿರ ಬಂದ. ವಿಜಾಪುರದ ಕಡೆಯ ಮುಸಲ್ಮಾನ, ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಎಷ್ಟೋ ವರ್ಷಗಳಿಂದ ನಮ್ಮ ಎಲ್ಲ ಕಾರ್ಯಕ್ರಮಗಳ ಧ್ವನಿವರ್ಧಕ ಅವನದೇ.

“ಅಕ್ಕಾರ, ಒಂದ್ ಮಾತ್ ಹೇಳ್ಲೇನ್ರಿ? ಸಿಟ್ ಮಾಡ್ಕೋಬ್ಯಾಡ್ರಿ,” ಎಂದ.

“ಹೇಳಪ್ಪ.”

“ನಮ್ ಸಾಹೇಬ್ರಿಗೆ ಒಳಗ ಎಲ್ಲಾರೂ ಎಕೋ ಅಂತಾರ್ರಿ. ಎಕೋ ಬಂತಾ, ಎಕೋ ಎಲ್ಲಿ ಕುಂತೈತಿ, ಹಿಂಗ. ಹೆಸ್ರು ಇಟ್ಟಾಂವ ನಾನ ರೀ, ತಪ್ಪ್ ನಂದ. ಒಂದ್ ಸಲ ಮಷ್ಕಿರಿಗೆ ಅಂದೆ, ಎಕೋ ಅಂದ್ರ ಆಮ್ಯಾಲೆ ಬರೂದು, ಈ ಸಾಹೇಬ್ರ ಎಕೋ ಮೊದ್ಲ ಬರ್ತೈತಿ ಅಂತ. ಅದು ಹಬ್ಬಿಬಿಡ್ತು.”

ಅವನಿಗೆ ಹೇಳುವುದು ಇನ್ನೂ ಇತ್ತು.

“ಈ ಸಲ ಕಮಿಟಿಯವ್ರು ಮೀಟಿಂಗಿನ್ಯಾಗ ಮಾತಾಡ್ಯಾರ್ರಿ. ಇನ್ನೊಂದ್ ಸಲ ಬಾಯಿ ಮಾಡಿದ್ರ ಸಾಹೇಬ್ರನ್ನ ಮುಂದಿನ ಲೈನಿನಿಂದ ಎಬ್ಬಿಸಿ ಹಿಂದ ಕುಂದ್ರಸ್ತಾರಂತ. ಎಲ್ಲಾರ ಮುಂದ ಎಬ್ಬಿಸಿದ್ರ ಚೆನ್ನಾಗಿರಂಗಿಲ್ಲ. ಅದಕ್ಕ ನಿಮಗ ಹೇಳ್ದೆ.”

ಮರ್ಲೆ, ವೇಡಾ, ಕೀಡಾ, ಸ್ಟ್ಯಾನ್ ಎಲ್ಲವನ್ನೂ ನಾನು ನಗುತ್ತಲೇ ಕೇಳಿದವಳು. ಕೆಲವನ್ನು ನಾನೇ ಬಳಸಿದ್ದೇನೆ. ಇದು ಮಾತ್ರ ಎದೆಗೆ ನಾಟಿತು. ಇವರು ದೇವರಕೋಣೆಗೆ ಹೋಗುವ ಹಾಗೆ ಪೊಟ್ಟಣ ಹಿಡಿದು ಆ ಕೋಣೆಗೆ ಹೋಗುತ್ತಾರೆ, ಅಲ್ಲಿ ಇವರ ಬೆನ್ನ ಹಿಂದೆ ಎಲ್ಲರೂ ಮುಸಿಮುಸಿ ನಗುತ್ತಾರೆ. ಮಾಸ್ಟ್ರೂ ನಗುತ್ತಾರೇನೋ. ಸಂಘದವರ ಮೇಲೆ, ಮೈಕಿನವನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಗಂಡನ ಮೇಲೆ ಸಿಟ್ಟು ಬಂತು. ಈ ಮನುಷ್ಯ ಬಾಯಿ ಮುಚ್ಚಿ ಕೂರುವುದೊಂದು ಕಲಿತಿದ್ದರೆ ಇದೆಲ್ಲ ಇರುತ್ತಿತ್ತೇ?

ವಾಪಸು ಬರುವಾಗ ಲೋಕಲ್ಲಿನಲ್ಲಿ ಪಕ್ಕಪಕ್ಕ ಸೀಟು ಸಿಕ್ಕಿತು. ಇವರು ಆ ದಿನದ ರೆಕಾರ್ಡಿಂಗ್ ಕಿವಿಗೆ ಹಚ್ಚಿಕೊಳ್ಳುವುದರಲ್ಲಿದ್ದರು. ನಾನು ತಡೆದು ಹೇಳಿಬಿಟ್ಟೆ. ಮೆತ್ತಗೆ ಹೇಳಬಹುದಿತ್ತು. ಆದರೆ ಮೆತ್ತಗೆ ಹೇಳುವ ಅಭ್ಯಾಸ ನನ್ನ ಬಾಯಿಗೆ ಇಲ್ಲ.

“ಎಕೋ?” ಎಂದರು.

“ಹೌದು. ಇನ್ನೊಮ್ಮೆ ಪಿಟಿಪಿಟಿ ಮಾಡಿದರೆ ಎಲ್ಲರೆದುರು ಎಬ್ಬಿಸಿ ಹಿಂದೆ ಕೂರಿಸ್ತಾರಂತೆ. ಮರ್ಯಾದೆ ಬೇಕಾದರೆ ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ ಮಾರಾಯ್ರೆ.”

“ಮಾಸ್ಟ್ರಿಗೂ ಗೊತ್ತುಂಟಾ, ಆ ಹೆಸರು?”

“ಕೋಣೆಯಲ್ಲಿ ಎಲ್ಲರಿಗೂ ಗೊತ್ತುಂಟಂತೆ.”

ಇವರು ಇಯರ್‌ಫೋನಿನ ವಯರನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದರು. ಕುರ್ಲಾ ದಾಟಿದ ಮೇಲೆ, “ನಾನು ಅವರಿಗೆ ಉಪದ್ರ ಕೊಟ್ಟದ್ದು ಅಂತ ನನಗೆ ಗೊತ್ತೇ ಆಗಲಿಲ್ಲ,” ಎಂದರು. ಆಮೇಲೆ, “ಆಯ್ತು. ಇನ್ನು ಬಾಯಿ ಬಿಡುವುದಿಲ್ಲ. ಮಾತು ಕೊಟ್ಟೆ,” ಎಂದರು.

ಆ ವಾರ ನಮ್ಮ ಅಡುಗೆಮನೆಯಲ್ಲಿ ಮಗು ಅಳಲಿಲ್ಲ. ಬೆಳಿಗ್ಗೆ ಇವರು ಸುಮ್ಮನೆ ಕಿಟಕಿಯ ಪಕ್ಕ ಕುಳಿತು ಪೇಪರು ಓದಿದರು. ಇದನ್ನೇ ಅಲ್ಲವೇ ನಾನು ಇಷ್ಟು ವರ್ಷ ಬೇಡಿಕೊಂಡದ್ದು? ಆದರೂ ಕಾಯಿ ತುರಿಯುವಾಗ ಎರಡು ಸಲ ಕೈ ಕುಯ್ದುಕೊಂಡೆ. ಬುಧವಾರ ನಾನೇ, “ಏನಾದರೂ ಹಾಕಿ, ಮನೆ ಬಿಕೋ ಅಂತದೆ,” ಎಂದೆ. ಇವರು ರೇಡಿಯೋ ಹಚ್ಚಿದರು. ಹವಾಮಾನ ವರದಿ ಬಂತು.

ಎರಡನೆಯ ಭಾನುವಾರ ಕಾಂದಿವಲಿಯಲ್ಲಿ. ಹೋಗುವುದಿಲ್ಲವೇನೋ ಅಂದುಕೊಂಡೆ. ಹನ್ನೊಂದಕ್ಕೇ ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದರು. ಬಾಯಿಯ ಕಾವಲಿಗೆ ನಾನೂ ಹೊರಟೆ. ಚೆಂಬೂರಿನಿಂದ ವಡಾಲಕ್ಕೆ ಹೋಗಿ, ಅಲ್ಲಿ ಬದಲಾಯಿಸಿ ಅಂಧೇರಿ, ಅಲ್ಲಿಂದ ಇನ್ನೊಂದು ಗಾಡಿ. ಮಳೆಯಿಂದ ಎಲ್ಲ ತಡ. ಕೊಡೆಯ ನೀರೆಲ್ಲ ನನ್ನ ಸೀರೆಗೆ. ಒಬ್ಬ ಮನುಷ್ಯ ಇಷ್ಟು ಗಾಡಿ ಬದಲಾಯಿಸಿ, ಬಾಯಿ ಮುಚ್ಚಿ ಕೂರಲು ಹೋಗುವುದು ಯಾವ ಲೆಕ್ಕದಲ್ಲಿ ಬರುತ್ತದೆ ಎಂದು ಗಣಿತದ ಟೀಚರಾದ ನನಗೇ ಗೊತ್ತಾಗಲಿಲ್ಲ.

ಸಭಾಂಗಣದಲ್ಲಿ ಮೊದಲ ಸಾಲಿನ ಕೊನೆಯ ಎರಡು ಕುರ್ಚಿ ಖಾಲಿ ಇದ್ದವು. ಇವರು ಹಿಂದಕ್ಕೆ ಹೋಗಲು ನೋಡಿದರು, ನಾನು ತೋಳು ಹಿಡಿದು ಅಲ್ಲೇ ಕೂರಿಸಿದೆ. ಯಾರೋ ಎಬ್ಬಿಸುವ ಮೊದಲು ನಾವೇ ಎದ್ದು ಹೋಗುವುದು ನನ್ನಿಂದಾಗದು. ಸಂಘದ ಕಾರ್ಯದರ್ಶಿ ನಮ್ಮನ್ನು ನೋಡಿಯೂ ನೋಡದಂತೆ ಅಲ್ಲೇ ಸುಳಿದಾಡುತ್ತಿದ್ದರು. ಇವರು ಕಿಸೆಯಿಂದ ಮಾಸ್ಟ್ರಿಗೆಂದು ತಂದ ಪೊಟ್ಟಣ ತೆಗೆದು, ಅದರಲ್ಲಿ ಅತಿ ದೊಡ್ಡ ಕಲ್ಲುಸಕ್ಕರೆಯ ತುಂಡು ಹುಡುಕಿ, ತಮ್ಮ ಬಾಯಿಗೆ ಹಾಕಿಕೊಂಡರು. ಒಂದು ಕೆನ್ನೆ ಉಬ್ಬಿತು. ಆ ತುಂಡು ಕರಗುತ್ತ ಬಂದಂತೆ ಇನ್ನೊಂದನ್ನು ಹಾಕಿಕೊಂಡರು.

ಮಾಸ್ಟ್ರು ಬಂದು ಕುಳಿತರು. ಹಿಂದಿನ ವರ್ಷಕ್ಕಿಂತ ಇಳಿದುಹೋಗಿದ್ದರು, ಆದರೆ ಸ್ವರ ಹಾಗೇ ಇತ್ತು. ಒಂದು ತಾಸು ಚೆನ್ನಾಗಿಯೇ ನಡೆಯಿತು. ಒಂದೆರಡು ಕಡೆ ಅವರು ನಮ್ಮ ಕಡೆ ತಿರುಗಿ ನೋಡಿದ ಹಾಗಾಯಿತು. ಇವರು ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಿದ್ದರು.

ಆಮೇಲೆ ಆ ಜಾಗ ಬಂತು. ಭಾಗವತರು ಪದ ಮುಗಿಸಿದರು. ದೂತನ ಪಾತ್ರದವರು ಕುಳಿತಲ್ಲಿಂದಲೇ ಮುಂದೆ ಬಾಗಿ, ಇಡೀ ರಾಜ್ಯದ ಪರವಾಗಿ ಇಲ್ಲ ಎನ್ನಲು ನೀನು ಯಾರು ಎಂದು ಕೆಣಕಿದರು. ಸಭೆಯಲ್ಲಿ ಎಲ್ಲರೂ ನೆಟ್ಟಗೆ ಕುಳಿತರು. ಊಟಕ್ಕೆ ಕುಳಿತವರು ಪಾಯಸ ಬರುವಾಗ ಎಲೆ ಸರಿಮಾಡಿಕೊಳ್ಳುವಂತೆ.

“ದೂತನೇ,” ಎಂದರು ಮಾಸ್ಟ್ರು. “ನಾಲಗೆ ನನ್ನದು.”

ನಿಂತರು. ಎಲ್ಲರೂ ಕಾದೆವು. ಇದೂ ಒಂದು ಕ್ರಮವೇ, ಒಳ್ಳೆಯ ಅರ್ಥಧಾರಿ ಸಭೆಯನ್ನು ಹಾಗೆ ಕಾಯಿಸುತ್ತಾರೆ. ಆದರೆ ಕಾಯಿಸುವುದಕ್ಕೂ ಒಂದು ಅಳತೆ ಉಂಟು, ಅದು ದಾಟಿತು. ಅವರು ಇನ್ನೊಮ್ಮೆ, “ನಾಲಗೆ ನನ್ನದು,” ಎಂದರು, ಈ ಸಲ ಸಣ್ಣ ಸ್ವರದಲ್ಲಿ. ಮದ್ದಳೆಯವರು ಏನೂ ತೋಚದೆ ಬೆರಳಿನಿಂದ ಒಂದು ಪೆಟ್ಟು ಹಾಕಿ ಸುಮ್ಮನಾದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಯಾರೋ ಒಬ್ಬ ಫೋನು ಎತ್ತಿ ಹಿಡಿದ. ಮಾಸ್ಟ್ರ ಕಣ್ಣು ನಮ್ಮ ಸಾಲಿಗೆ ಬಂದು ನಿಂತಿತ್ತು. ಮುಖದಲ್ಲಿ ರಾಜ ಇರಲಿಲ್ಲ. ಕರಿಹಲಗೆಯ ಮುಂದೆ ನಿಲ್ಲಿಸಿದ ಮಗುವಿನ ಮುಖ ಅದು. ಅಂಥ ಮುಖವನ್ನು ನಾನು ಸಾವಿರ ಸಲ ನೋಡಿದ್ದೇನೆ.

ಇವರನ್ನು ನೋಡಿದೆ. ಕಣ್ಣಲ್ಲಿ ನೀರು ತುಂಬಿತ್ತು, ತುಟಿ ಬಿಗಿದೇ ಇತ್ತು. ಮೊಣಕೈಯಿಂದ ತಿವಿದು, “ಹೇಳಿ ಮಾರಾಯ್ರೆ,” ಎಂದೆ. ತಲೆ ಅಲ್ಲಾಡಿಸಿದರು. ಮಾತು ಕೊಟ್ಟಿದ್ದಾರಲ್ಲ. “ಹೇಳಿ,” ಎಂದು ಮತ್ತೆ ತಿವಿದೆ. ಆಗ ಬಾಯಿ ತೆರೆಯಲು ಹೊರಟರು. ಕಲ್ಲುಸಕ್ಕರೆ ಅಡ್ಡ ಬಂತು, ನೆತ್ತಿಗೆ ಹತ್ತಿತು, ಕೆಮ್ಮತೊಡಗಿದರು.

ಜನ್ಮದಲ್ಲಿ ಒಮ್ಮೆ ಬಾಯಿ ಬೇಕಾದಾಗ ಈ ಮನುಷ್ಯನ ಬಾಯಿ ತುಂಬಿತ್ತು. ನನ್ನ ತಲೆ ಕೆಟ್ಟುಹೋಯಿತು.

“ಮಾತು ನನ್ನ ಜನರದು,” ಎಂದೆ.

ಪಿಸುಮಾತಲ್ಲ. ಐವತ್ತು ಮಕ್ಕಳ ಕೊನೆಯ ಬೆಂಚಿಗೆ ತಲುಪಬೇಕಾದ ಸ್ವರ ನನ್ನದು, ಬೇರೆ ಸ್ವರ ನನ್ನ ಹತ್ತಿರ ಇಲ್ಲ. ಇಡೀ ಸಭಾಂಗಣಕ್ಕೆ ಕೇಳಿಸಿತು. ಎಲ್ಲರೂ ತಿರುಗಿದರು. ಕಾರ್ಯದರ್ಶಿ ಕುರ್ಚಿಯಿಂದ ಅರ್ಧ ಎದ್ದರು. ಇಷ್ಟು ವರ್ಷ ಇವರನ್ನು ಚಿವುಟಿದ ಕೈ ಈಗ ನನ್ನ ಮಡಿಲಲ್ಲೇ ಇತ್ತು.

ಮಾಸ್ಟ್ರು ನನ್ನ ಕಡೆ ಕೈ ಚಾಚಿದರು. ಬೆನ್ನು ನೆಟ್ಟಗಾಯಿತು. ನಿಧಾನಕ್ಕೆ ಎದುರಿನ ದೂತನ ಕಡೆ ತಿರುಗಿದರು.

“ಕೇಳಿದೆಯಾ ದೂತನೇ? ಇಲ್ಲ ಎನ್ನಲು ನೀನು ಯಾರು ಎಂದು ಕೇಳಿದೆಯಲ್ಲ. ನಾಲಗೆ ನನ್ನದು ಎಂದು ನಾನು ಸುಮ್ಮನೆ ನಿಂತೆ. ಉಳಿದದ್ದನ್ನು ಅವರೇ ಹೇಳಿದರು. ಇನ್ನು ನಿನ್ನ ಒಡೆಯನಿಗೆ ಹೋಗಿ ಹೇಳು. ಆ ರಾಜ್ಯದಲ್ಲಿ ರಾಜ ಮೂಕನಾದರೂ ಉತ್ತರ ಸಿಗುತ್ತದೆ ಎಂದು.”

ಇಡೀ ಸಭೆ ಎದ್ದು ನಿಂತಿತು. ಅಂಥ ಚಪ್ಪಾಳೆಯನ್ನು ನಾನು ಆ ರೆಕಾರ್ಡಿಂಗಿನಲ್ಲೂ ಕೇಳಿರಲಿಲ್ಲ. ಡೈರಿಯವರು ಮೊದಲ ಸಲ ತಲೆ ಎತ್ತಿ ನೋಡಿದರು. ಮೊದಲೇ ಮಾತಾಡಿಕೊಂಡು ಮಾಡಿದ್ದು ಎಂದು ಎಲ್ಲರೂ ತಿಳಿದರು. ಕಾರ್ಯದರ್ಶಿ ಕುಳಿತುಕೊಂಡು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಮುಗಿದ ಮೇಲೆ ಹಿಂದಿನ ಕೋಣೆಗೆ ಮಾಸ್ಟ್ರು ನಮ್ಮಿಬ್ಬರನ್ನೂ ಕರೆಸಿದರು. ಬಾಗಿಲಲ್ಲಿ ಮೈಕಿನವನು ವಯರು ಸುತ್ತುತ್ತಿದ್ದ. “ಅಕ್ಕಾರ, ಇವತ್ತ ಎಕೋ ಜಾಗಾ ಬದಲಾತಲ್ರಿ,” ಎಂದು ಹಲ್ಲು ಕಿರಿದ. ನಾನು ಅವನನ್ನು ನೋಡಿದ ರೀತಿಗೆ ಅವನು ವಯರು ಬಿಟ್ಟು ಹೊರಗೆ ಹೋದ. ಮಾಸ್ಟ್ರು ತಂಡದವರನ್ನೆಲ್ಲ ಚಹಾಕ್ಕೆ ಕಳಿಸಿ, ನಮ್ಮನ್ನು ಕೂರಿಸಿಕೊಂಡರು.

“ರಾಯರೇ, ಇವತ್ತು ಯಾಕೆ ಬಾಯಿ ಮುಚ್ಚಿದ್ದು?” ಎಂದು ಕೇಳಿದರು.

ಇವರು ನನ್ನ ಕಡೆ ನೋಡಿದರು. ಮಾಸ್ಟ್ರೇ ಮುಂದುವರಿಸಿದರು.

“ನನಗೆ ಎರಡು ವರ್ಷದಿಂದ ಹೀಗೆ. ಮಾತು ಬಾಗಿಲಿನ ತನಕ ಬರ್ತದೆ, ಒಳಗೆ ಬರುವುದಿಲ್ಲ. ಊರಲ್ಲಿ ಮೊನ್ನೆ ಎರಡು ಕಡೆ ಹಾಗೇ ಆಯ್ತು. ಮುಂಬಯಿಗೆ ಬರ್ಲಿಕ್ಕೆ ಮಾತ್ರ ನನಗೆ ಹೆದರಿಕೆ ಇಲ್ಲ. ಇಲ್ಲಿ ನೀವು ಇದ್ದೀರಿ. ನಿಮ್ಮ ತುಟಿ ನೋಡಿದರೆ ಸಾಕು, ಮುಂದಿನದ್ದು ಸಿಕ್ತದೆ. ಹೋದ ವರ್ಷ ಇಡೀ ನಾನು ಮಾತಾಡಿದ್ದು ಹಾಗೆ. ಕಳೆದ ಭಾನುವಾರವೂ ಹಾಗೆಯೇ. ಇವತ್ತು ಮೂರು ಸಲ ನೋಡಿದೆ. ನೀವು ಚಪ್ಪಲಿ ನೋಡ್ತಾ ಇದ್ರಿ.”

ನಾನು ನೆಲ ನೋಡಿದೆ. ಯಾರದೋ ಮಾತು ಕೇಳಿ, ಕೇಳಬೇಕಾದವರನ್ನೇ ಕೇಳದೆ, ಒಬ್ಬರ ಊರುಗೋಲನ್ನು ಇನ್ನೊಬ್ಬರ ಕೈಯಿಂದ ಕಿತ್ತಿಟ್ಟಿದ್ದೆ.

“ತಪ್ಪು ನನ್ನದು ಮಾಸ್ಟ್ರೇ,” ಎಂದೆ. “ಇವರ ಬಾಯಿ ಮುಚ್ಚಿಸಿದ್ದು ನಾನು.”

“ನೀವು ಟೀಚರಲ್ವಾ,” ಎಂದರು ಅವರು. “ನಾನೂ ಮಾಸ್ಟ್ರೇ. ಪಕ್ಕದವನಿಗೆ ಹೇಳಿಕೊಡುವ ಎಷ್ಟು ಮಕ್ಕಳನ್ನು ಹೊರಗೆ ನಿಲ್ಲಿಸಿದ್ದೇನೋ. ಈಗ ನೆನಪಾಗ್ತದೆ ಒಬ್ಬೊಬ್ಬರದ್ದೇ ಮುಖ.” ಆಮೇಲೆ ಇವರ ಕಡೆ ತಿರುಗಿ, “ಇದು ನಮ್ಮ ಮೂವರಲ್ಲೇ ಇರಲಿ,” ಎಂದರು. ಇವರು ಅವರ ಕಾಲು ಮುಟ್ಟಲು ಬಾಗಿದರು. ಮಾಸ್ಟ್ರು ನಡುವೆಯೇ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅಂಧೇರಿಯಲ್ಲಿ ಗಾಡಿ ಬದಲಾಯಿಸಿ ಕುಳಿತ ಮೇಲೂ ಇವರು ಮಾತಾಡಲಿಲ್ಲ. ಎಂಥ ಹೊತ್ತು, ಮನಸ್ಸು ತುಂಬಿ ಬಂದಿರಬೇಕು ಎಂದು ನಾನೂ ಸುಮ್ಮನಿದ್ದೆ. ಬಾಂದ್ರಾ ದಾಟಿತು. ಮಾಹಿಮ್ ದಾಟಿತು. ಮುಖ ಸ್ವಲ್ಪ ಊದಿಕೊಂಡೇ ಇತ್ತು. ಆಗ ನನಗೆ ಅನುಮಾನ ಬಂತು.

“ಏನಾಯ್ತು?” ಎಂದೆ.

“ಏನಿಲ್ಲ.”

“ಹೇಳಿ.”

“ಅಲ್ಲ, ಹೇಳಿದ್ದು ಒಳ್ಳೆಯದೇ ಆಯ್ತು,” ಎಂದರು. “ಆದರೆ ‘ಮಾತು’ ಎಂದ ಮೇಲೆ ಒಂದು ಚೂರು ನಿಲ್ಲಬೇಕಿತ್ತು. ನೀನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಮಗ್ಗಿ ಒಪ್ಪಿಸಿದ ಹಾಗೆ.”

ಈ ಮನುಷ್ಯನಿಗಾಗಿ ನಾನು ಇಡೀ ಕಾಂದಿವಲಿಯ ಎದುರು ಮಾನ ಬಿಟ್ಟು ಕೂಗಿದ್ದೆ. ನನ್ನ ಕಾಲು ನೋಯುತ್ತಿತ್ತು, ಸೀರೆ ಇನ್ನೂ ಒದ್ದೆಯಿತ್ತು. ನಾನು ಇವರ ಕಿಸೆಯಿಂದ ಪೊಟ್ಟಣ ಎಳೆದು, ಉಳಿದವುಗಳಲ್ಲೇ ದೊಡ್ಡ ತುಂಡು ಆರಿಸಿ ಮುಂದೆ ಹಿಡಿದೆ.

“ತಗೊಳ್ಳಿ. ಚೆಂಬೂರು ಬರುವ ತನಕ ಬಾಯಲ್ಲಿಟ್ಟುಕೊಳ್ಳಿ.”

ಇವರು ಆ ತುಂಡನ್ನು ತೆಗೆದುಕೊಂಡು, ನನ್ನ ಕೈಯ ಪೊಟ್ಟಣದೊಳಗೆ ಜೋಪಾನವಾಗಿ ವಾಪಸು ಇಟ್ಟರು.

“ಬೇಡ,” ಎಂದರು. “ಬಾಯಿ ಖಾಲಿ ಇರಲಿ. ಬರುವ ಭಾನುವಾರ ಮತ್ತೆ ವಡಾಲದಲ್ಲಿ ಉಂಟಲ್ಲ. ಅವರು ನೋಡ್ತಾರೆ.”